ಅಂಕಪಟ್ಟಿಯ ಎರೆ ಹೊಲ

ಸುಲಭವಾಗಿರುವುದನ್ನು ಇನ್ನಷ್ಟು ಸುಲಭ ಮಾಡಲು ಹೋಗಿ ಕೆಡಿಸುವುದು ಗಣಿತ ಮಾಸ್ತರರ ಚಟ. ರೋಣದ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷದಿಂದ ಗಣಿತ ಹೇಳುತ್ತಿರುವ ನನಗೂ ಅದು ಬಿಟ್ಟಿಲ್ಲ. ಪಾಲಕರ ಸಭೆಯಲ್ಲಿ ಅಂಕಪಟ್ಟಿ ಕೊಟ್ಟರೆ ಯಾರೂ ಓದುವುದಿಲ್ಲ, ಮಡಚಿ ಅಂಗಿಯ ಕಿಸೆಗೆ ಇಳಿಸುತ್ತಾರೆ. ಆ ಸಂಕಟಕ್ಕೆ ಈ ಸಲ ಹತ್ತನೇ ತರಗತಿಯ ಅಂಕಗಳನ್ನೆಲ್ಲ ಒಂದು ಚಿತ್ರವಾಗಿಸಿದೆ. ವಿದ್ಯಾರ್ಥಿಗೊಂದು ಅಡ್ಡಸಾಲು, ವಿಷಯಕ್ಕೊಂದು ಉದ್ದಪಟ್ಟಿ. ಸೊನ್ನೆಗೆ ಅಚ್ಚಕಪ್ಪು, ನೂರಕ್ಕೆ ಅಚ್ಚಬಿಳಿ, ನಡುವಿನದಕ್ಕೆಲ್ಲ ಬೂದಿ. ಶಾಲೆಯ ಕಂಪ್ಯೂಟರಿನ ಮುಂದೆ ಎರಡು ರವಿವಾರ ಕಳೆದದ್ದಕ್ಕೆ ಹೆಂಡತಿ, ಅಷ್ಟೇ ಹೊತ್ತಿನಲ್ಲಿ ಪಡಸಾಲೆಗೆ ಸುಣ್ಣವನ್ನಾದರೂ ಬಳಿಯಬಹುದಿತ್ತು ಎಂದಳು. ಗಣಿತದ ಪಟ್ಟಿ ಮೇಲಿಂದ ಕೆಳಗಿನವರೆಗೆ ಕಪ್ಪಗೆ ಬಂತು. ಈಗಿನ ಮಕ್ಕಳೇ ಹೀಗೆ ಎಂದು ನಿಟ್ಟುಸಿರಿಟ್ಟು ಸಭೆಯ ಕೋಣೆಯ ಗೋಡೆಗೆ ಅಂಟಿಸಿದೆ.

ನಮ್ಮದು ಎರೆ ಭೂಮಿ ಎಂಬುದನ್ನು ನಾನು ಮರೆತಿದ್ದೆ. ಇಲ್ಲಿ ಮಣ್ಣು ಕಪ್ಪಗಿದ್ದಷ್ಟೂ ಬೆಲೆ, ಬಿಳಿಚಿಕೊಂಡರೆ ಸವಳು, ಬೆಳೆ ಬಾರದ ಉಪ್ಪು ನೆಲ. ಐದು ವಿಷಯಗಳಲ್ಲಿ ನಪಾಸಾದವನ ತಂದೆ ಮಗನ ಕಪ್ಪು ಸಾಲಿನ ಮೇಲೆ ಕೈಯಾಡಿಸಿ ಮೀಸೆ ತಿರುವಿದರು. ಗಣಿತದ ಪಟ್ಟಿ ಕಂಡವರೆಲ್ಲ ನನಗೆ ಕೈಮುಗಿದರು. ತಿದ್ದಬೇಕಿತ್ತು. ಆದರೆ ಹದಿನೆಂಟು ವರ್ಷಕ್ಕೆ ಮೊದಲ ಸಲ ಬಂದ ನಮಸ್ಕಾರವನ್ನು ಬೇಡವೆನ್ನಲು ನಾಲಿಗೆ ಏಳಲಿಲ್ಲ.

ಆಗ ಜಕ್ಕಲಿಯ ಬಸಪ್ಪನವರು ಎದ್ದರು. ಅವರ ಮಗಳು ಶಾಂತಾ ತರಗತಿಗೇ ಮೊದಲಿಗಳು. ಗಣಿತದ ಚೌಕ ಒಂದನ್ನು ಬಿಟ್ಟರೆ ಅವಳ ಸಾಲೆಲ್ಲ ಬೆಳ್ಳಗೆ.

"ಗಣಿತ ಒಂದ ಚಲೋ ಐತಿ, ಉಳಿದದ್ದೆಲ್ಲಾ ಸವಳ ಐತ್ರಿ ಸರ. ಹಿಂತಾ ಹೊಲಕ್ಕ ಬೀಜ ಯಾಕ ಹಾಕೂದು? ಇಕಿಗೆ ಸಾಲಿ ಕಲಿಸಿದ್ದ ಇಷ್ಟ ಸಾಕು."

ಚಿತ್ರ ಉಲ್ಟಾ ಇದೆಯೆಂದು ಶಾಂತಾ ಹೇಳಿದಳು. ಸರ್ ಅಂಟಿಸಿದ್ದು ಉಲ್ಟಾ ಹೇಗಾಗುತ್ತದೆ ಎಂದು ತಂದೆ ಗದರಿದರು. ಅವಳು ನನ್ನ ಮುಖ ನೋಡಿದಳು. ನನಗೆ ನಾಚಿಕೆಯಾಯಿತು. ತಪ್ಪೊಪ್ಪಿಕೊಂಡು, ಕಪ್ಪುಬಿಳಿ ಅದಲುಬದಲು ಮಾಡಿ ಅಲ್ಲೇ ಮತ್ತೊಂದು ಪ್ರಿಂಟ್ ತೆಗೆದೆ.

ಶಾಂತಾಳ ಸಾಲು ಈಗ ಒಂದು ಚೌಕ ಬಿಟ್ಟು ಎರೆಯಂತೆ ಕಪ್ಪಗಿತ್ತು. ಬಸಪ್ಪನವರ ಮುಖ ಅರಳಿತು. ಮಗಳನ್ನು ಗಜೇಂದ್ರಗಡದ ಕಾಲೇಜಿಗೇ ಕಳಿಸುತ್ತೇನೆಂದರು. ಅಲ್ಲಿಗೆ ಕುಳಿತುಬಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು ಹಾಳೆಯನ್ನು ಮೇಲಿಂದ ಕೆಳಗೆ ನೋಡತೊಡಗಿದರು. ಒಂದೇ ಒಂದು ಪಟ್ಟಿ, ಉದ್ದಕ್ಕೂ ಬೆಳ್ಳಗೆ.

"ಸರ, ಹೊಲದಾಗ ಒಂದ ಸಾಲು ಉದ್ದಕ್ಕ ಹುಟ್ಟಲಿಲ್ಲಂದ್ರ ಅದು ಮಣ್ಣಿನ ತಪ್ಪಲ್ಲ, ಬೀಜದ ತಪ್ಪೂ ಅಲ್ಲ. ಬಿತ್ತೂ ಕೂರಿಗ್ಯಾಗ ಒಂದ ಕೊಳವಿ ಕಟ್ಟಿರತೈತಿ, ಬೀಜ ಕೆಳಗ ಇಳಿಯಂಗಿಲ್ಲ."

ಯಾವ ಕೊಳವೆ ಎಂದು ಸಭೆಯಲ್ಲಿ ಯಾರೂ ಕೇಳಲಿಲ್ಲ. ಗಣಿತಕ್ಕೆ ಟ್ಯೂಷನ್ ಚೆನ್ನಾಗಿ ಯಾರು ಹೇಳುತ್ತಾರೆಂದು ಬಸಪ್ಪನವರು ನನ್ನನ್ನೇ ವಿಚಾರಿಸಿದರು. ನರಗುಂದದವರೊಬ್ಬರ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಹಿಂದಿದ್ದವರೂ ಒಂದೊಂದು ಚೀಟಿ ಬೇಕೆಂದು ನುಗ್ಗಿದಾಗ, ಸರದಿಯಲ್ಲಿ ಬನ್ನಿ ಎಂದು ನಾನೇ ಹೇಳಬೇಕಾಯಿತು.