ಗಸಿ ಉಳಿಸಿಕೊಂಡ ಕಥೆ

ಸೆಂಟ್ರಿಫ್ಯೂಜ್ ಬಗ್ಗೆ ನನಗೆ ಎಲ್ಲವೂ ಗೊತ್ತಿತ್ತು. ಎಂ.ಎಸ್ಸಿ. ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆಗೆ ಚಿತ್ರಸಮೇತ ಉತ್ತರಿಸಿದ ಮಹಾನುಭಾವ ನಾನು. ಗರಗರ ತಿರುಗಿಸಿದರೆ ಭಾರವಾದದ್ದು ಬೇಗ ತಳಕ್ಕಿಳಿಯುತ್ತದೆ, ಹಗುರವಾದದ್ದು ಮೇಲಿನ ತಿಳಿಯಲ್ಲೇ ಉಳಿಯುತ್ತದೆ. ಇಷ್ಟೇ ತಾನೆ! ಯಂತ್ರವನ್ನು ಮುಟ್ಟಿ ಮಾತ್ರ ನೋಡಿರಲಿಲ್ಲ.

ಜಿಗಣಿಯ ಪುಟ್ಟ ಲ್ಯಾಬಿಗೆ ಸೇರಿದ ಹೊಸತು. ದಸರಾ ರಜೆ ಮುಗಿದ ಬೆಳಿಗ್ಗೆ, ನಮ್ಮ ಮೇಲಧಿಕಾರಿ ವಸುಧಾ ಮೇಡಂ ನನ್ನ ಕೈಗೆ ಒಂದು ಟ್ಯೂಬ್ ಕೊಟ್ಟರು. ಒಂದೂವರೆ ತಿಂಗಳು ಒದ್ದಾಡಿ ಬೆಳೆಸಿದ ಬ್ಯಾಕ್ಟೀರಿಯಾವನ್ನು ಒಡೆದು ತೆಗೆದ ಮಂದ ದ್ರಾವಣ. ಅದರೊಳಗೆ ಅವರಿಗೆ ಬೇಕಾದ ಪ್ರೋಟೀನು. ಬೇರೆ ಟ್ಯೂಬ್ ಇಲ್ಲ, ಮರುದಿನ ದೊಡ್ಡವರಿಗೆ ತೋರಿಸದಿದ್ದರೆ ಅವರ ಪ್ರಾಜೆಕ್ಟೇ ರದ್ದು. ಇದನ್ನು ತಿರುಗಿಸಿಡಿ ಎಂದು ಹೇಳಿ ಮೀಟಿಂಗಿಗೆ ಹೋದರು.

ಯಂತ್ರ ಅದುರದಿರಲು ಎದುರಿನ ಗುಳಿಯಲ್ಲಿ ಸಮತೂಕದ ಟ್ಯೂಬ್ ಇಡಬೇಕು. ನಾನು ಕಣ್ಣಳತೆಯಲ್ಲೇ ಅಷ್ಟೇ ಎತ್ತರಕ್ಕೆ ನೀರು ತುಂಬಿ ಗುಂಡಿ ಒತ್ತಿದೆ. ಯಂತ್ರ ಮೊದಲು ಗುನುಗಿತು, ಆಮೇಲೆ ಗುಡುಗಿತು. ಆಯುಧಪೂಜೆಯ ಚೆಂಡುಹೂವನ್ನೆಲ್ಲ ಉದುರಿಸುತ್ತ ಮೇಜಿನಂಚಿಗೆ ಪಾದಯಾತ್ರೆ ಹೊರಟಿತು. ತಡೆಯಲು ಅಪ್ಪಿಕೊಂಡೆ! ಅದರ ಜೊತೆ ನನ್ನ ಹಲ್ಲುಗಳೂ ಕಟಕಟ ಅಂದವು.

ಗಾಜಿನ ಸಾಮಾನು ತೊಳೆಯುವ ಬಸಪ್ಪಣ್ಣ ಓಡಿಬಂದು ಯಂತ್ರ ನಿಲ್ಲಿಸಿದರು. ಬಾಗಲಕೋಟೆ ಕಡೆಯವರು, ಓದಿದ್ದು ಏಳನೇ ಕ್ಲಾಸು.

"ಎತ್ತರ ನೋಡಬ್ಯಾಡ್ರಿ ಸರ್, ತೂಕ ನೋಡ್ರಿ" ಎಂದು ಎರಡೂ ಟ್ಯೂಬನ್ನು ತೂಕದ ಯಂತ್ರದಲ್ಲಿಟ್ಟು ಸಮ ಮಾಡಿಕೊಟ್ಟರು.

ಈ ಸಲ ಎಲ್ಲ ಸುಸೂತ್ರ. ತಳದಲ್ಲಿ ಗಟ್ಟಿ ಗಸಿ, ಮೇಲೆ ತಿಳಿ. ನಾನು ತಿಳಿಯನ್ನು ಚೆಲ್ಲಲೆಂದು ಪಾತ್ರೆ ತೊಳೆಯುವ ತೊಟ್ಟಿಯ ಬಳಿಯಿದ್ದ ಖಾಲಿ ಬೀಕರಿಗೆ ಸುರಿದು, ಗಸಿಯನ್ನು ಜೋಪಾನವಾಗಿ ಐಸಿನಲ್ಲಿಟ್ಟೆ.

ಮೀಟಿಂಗ್ ಮುಗಿಸಿ ಬಂದ ಮೇಡಂ ಟ್ಯೂಬ್ ನೋಡಿದರು. ಮುಖ ಬಿಳಿಚಿಕೊಂಡಿತು.

"ಡಿಕಾಕ್ಷನ್ ಚೆಲ್ಲಿ ಪುಡಿ ಇಟ್ಕೊಂಡಿದ್ದೀರಲ್ರೀ" ಎಂದರು ಮೆಲ್ಲಗೆ.

ಒಡೆದ ಜೀವಕೋಶಗಳ ಚೂರುಗಳು ಭಾರ, ಹಾಗಾಗಿ ಗಸಿಯಾಗಿದ್ದು ಅವು. ಹಗುರವಾದ ಪ್ರೋಟೀನು ಇದ್ದದ್ದು ತಿಳಿಯಲ್ಲಿ. ಹತ್ತು ಅಂಕಕ್ಕೆ ನಾನೇ ಬರೆದಿದ್ದೆನಲ್ಲ!

ತೊಟ್ಟಿಯತ್ತ ಓಡಿದೆ. ಬೀಕರ್ ಇರಲಿಲ್ಲ. ತೊಟ್ಟಿಯೊಳಗೂ ಬಗ್ಗಿ ನೋಡಿದೆ. ಆಗ ಬಸಪ್ಪಣ್ಣ ಫ್ರಿಜ್ಜಿನ ಬಾಗಿಲು ತೆಗೆದು ಬೀಕರನ್ನು ಹೊರಗಿಟ್ಟರು.

"ಹೊಸಬರು ಚೆಲ್ಲಿದ್ದನ್ನ ನಾ ಸಂಜೀತನಕ ಇಟ್ಟಿರ್ತೀನ್ರಿ ಮೇಡಂ."

ಮೇಡಂ ಕಣ್ಣೊರೆಸಿಕೊಂಡರು. ನಾನು ಕೈ ಮುಗಿದೆ. ಪ್ರಾಜೆಕ್ಟು ಉಳಿಯಿತು, ನನ್ನ ನೌಕರಿಯೂ ಉಳಿಯಿತು. ಆ ಋಣ ತೀರುವಂಥದ್ದಲ್ಲ. ಪ್ರತಿ ಆಯುಧಪೂಜೆಗೂ ಯಂತ್ರಕ್ಕಿಂತ ಮೊದಲು ಬಸಪ್ಪಣ್ಣನಿಗೇ ನನ್ನ ನಮಸ್ಕಾರ.

ಈಗ ಅಲ್ಲಿ ನಾನೇ ಸೀನಿಯರ್. ಹೊಸಬರು ಚೆಲ್ಲಿದ್ದನ್ನು ಬಸಪ್ಪಣ್ಣ ಈಗಲೂ ಸಂಜೆಯ ತನಕ ಇಡುತ್ತಾರೆ. ನಾನು ಚೆಲ್ಲಿದ್ದನ್ನು ಒಂದು ವಾರ!