ಮಾವನ ಹೊಟ್ಟೆಯಲ್ಲಿ ಅಪರಂಜಿ

"ಇನ್ನು ಮುಂದೆ ನನ್ನ ಕಣ್ಣು ತಪ್ಪಿಸಿ ಒಂದೇ ಒಂದು ನಕಲಿ ವಸ್ತು ಈ ಮನೆಯ ಹೊಸಿಲು ದಾಟಿದರೆ, ಆವತ್ತೇ ನನ್ನ ಮೀಸೆ ಬೋಳಿಸಿಬಿಡ್ತೀನಿ!"

ರಜೆಯ ದಿನ ಬೆಳಿಗ್ಗೆ ಟಂಕಸಾಲೆ ಹೀಗೆ ಶಪಥ ಮಾಡಿದಾಗ ಅವನ ಹೆಂಡತಿ ತಲೆ ಎತ್ತಿ ನೋಡಲೂ ಇಲ್ಲ. "ಮೊದಲು ಮೀಸೆ ಬರಲಿ," ಎಂದಳು.

ಟಂಕಸಾಲೆ ಎಂಬುದು ಅವನ ಹುಟ್ಟುಹೆಸರಲ್ಲ. ಬಿಸ್ಕತ್ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ಕೆಲಸ ಅವನದು. ಮೂಲೆ ಮುರಿದ ಬಿಸ್ಕತ್ತನ್ನು ಹತ್ತು ಮಾರು ದೂರದಿಂದಲೇ ಕಂಡುಹಿಡಿಯುತ್ತಾನೆಂದು ಹೆಸರು ಪಡೆದಿದ್ದ. ಚಿನ್ನದ ನಾಣ್ಯ ಕೂಡಿಹಾಕುವ ಹುಚ್ಚು ಹಿಡಿದ ಮೇಲೆ ಜೊತೆಯವರು ಈ ಅಡ್ಡಹೆಸರು ಇಟ್ಟರು. ರಾಜಮಹಾರಾಜರ ಕಾಲದ ಸವೆದ ನಾಣ್ಯಗಳಲ್ಲ, ಈಗಿನ ಕಾಲದಲ್ಲಿ ಒತ್ತಿದ, ಫಳಫಳ ಹೊಳೆಯುವ, ತೂಕಕ್ಕೆ ಸರಿಯಾಗಿ ಬೆಲೆ ಬರುವ ಅಪ್ಪಟ ಚಿನ್ನದ ನಾಣ್ಯಗಳು. ಹುಚ್ಚು ಎಂದೊಡನೆ ಪೆಟ್ಟಿಗೆಗಟ್ಟಲೆ ಇರಬೇಕು ಎಂದುಕೊಳ್ಳಬೇಡಿ. ಇದ್ದದ್ದು ಮೂರೇ ಮೂರು, ಒಂದೊಂದೂ ಹೆಬ್ಬೆರಳಿನ ಉಗುರಿನಷ್ಟು. ಆದರೆ ಅವುಗಳ ದರ್ಬಾರೇ ದರ್ಬಾರು! ಬಿಳಿ ಕೈಗವಸಿಲ್ಲದೆ ಮುಟ್ಟುವಂತಿಲ್ಲ, ಹತ್ತಿರ ನಿಂತು ಉಸಿರು ಬಿಡುವಂತಿಲ್ಲ, ಸೀನಿದರಂತೂ ಮನೆ ಬಿಟ್ಟು ಹೋಗಬೇಕು.

"ನನ್ನ ಕೈಯನ್ನೂ ಒಂದಿನ ಹೀಗೆ ಹುಷಾರಾಗಿ ಹಿಡ್ಕೊಂಡಿದ್ದಿದ್ರೆ!" ಎಂದು ಹೆಂಡತಿ ಒಮ್ಮೆ ನಿಟ್ಟುಸಿರು ಬಿಟ್ಟಿದ್ದಳು.

"ನಿನಗೆ ಗೀರು ಬಿದ್ರೆ ಬೆಲೆ ಇಳಿಯೋದಿಲ್ವಲ್ಲ ಕಣೇ," ಎಂದು ಅವನು ಸಮಾಧಾನ ಹೇಳಿದ್ದ. ಆವತ್ತು ಅವನಿಗೆ ಸಂಜೆಯ ಕಾಫಿ ಸಿಗಲಿಲ್ಲ.

ಮೂರನೆಯ ನಾಣ್ಯ ಬಂದು ಇನ್ನೂ ವಾರವಾಗಿರಲಿಲ್ಲ. ಫೋನಿನಲ್ಲೇ ಪರಿಚಯವಾದ ವ್ಯಾಪಾರಿಯೊಬ್ಬ ಪೇಟೆ ಬೆಲೆಗಿಂತ ಕಡಿಮೆಗೆ ಕೊಟ್ಟಿದ್ದ. "ಸಾರ್, ನಿಮ್ಮ ಮುಖ ನೋಡಿ ಕೊಡ್ತಿದ್ದೀನಿ," ಎಂದಿದ್ದ. ಫೋನಿನಲ್ಲಿ ಮುಖ ಎಲ್ಲಿಂದ ಕಾಣಿಸಿತು ಎಂದು ಕೇಳಬೇಕೆಂದು ಟಂಕಸಾಲೆಗೆ ಹೊಳೆಯಲಿಲ್ಲ. ನಾಣ್ಯ ಬೇರೆ ಎರಡಕ್ಕಿಂತ ದಪ್ಪಗಿತ್ತು. "ನೋಡು, ಎಷ್ಟು ಗಟ್ಟಿಮುಟ್ಟಾಗಿದೆ!" ಎಂದು ಅದಕ್ಕೂ ಹೆಮ್ಮೆಪಟ್ಟ.

ಇದೇ ಹೊತ್ತಿಗೆ ಮಾವ ಮನೆಗೆ ಬಂದಿದ್ದರು. ಮಾವ ನಿವೃತ್ತ ಜೈಲರು. ಆಯುಷ್ಯವೆಲ್ಲ ಕಳ್ಳಕಾಕರ ನಡುವೆ ಕಳೆದವರು, "ಕೂತ್ಕೊಳ್ಳಿ" ಎಂದರೂ "ಒಳಗೆ ಹಾಕಿ" ಎಂದಂತೆ ಕೇಳಿಸುವ ಗಂಟಲು. ಅಳಿಯನಿಗೆ ಮದುವೆಯಾದ ದಿನದಿಂದಲೂ ಅವರೆದುರು ನಿಂತರೆ ಏನೂ ಕದಿಯದೆಯೂ ಜೇಬು ತೆಗೆದು ತೋರಿಸಿಬಿಡಬೇಕೆನಿಸುತ್ತಿತ್ತು. ಈಗ ಅವರಿಗೆ ಸೊಂಟನೋವು. ಮಧ್ಯಾಹ್ನ ಎಂಆರ್‌ಐ ಸ್ಕ್ಯಾನ್‌ಗೆ ಹೋಗಬೇಕಿತ್ತು. ಅಲ್ಲಿಯವರೆಗೆ ಇರಲಿ ಎಂದು ಅಂಗಿಯ ಮೇಲೆ ಕರೀ ಪಟ್ಟಿಯೊಂದನ್ನು ಬಿಗಿದುಕೊಂಡಿದ್ದರು.

"ಇದು ಆಯಸ್ಕಾಂತದ ಬೆಲ್ಟು, ಅಳಿಯಂದ್ರೇ. ಕಟ್ಕೊಂಡ ಮೇಲೆ ನೋವು ಅರ್ಧಕ್ಕರ್ಧ ಇಳಿದಿದೆ."

ಶಪಥ ಮಾಡಿ ಇನ್ನೂ ಬಾಯಿ ಒಣಗಿರದ ಟಂಕಸಾಲೆಗೆ ಧೈರ್ಯ ಎಲ್ಲಿಂದ ಬಂತೋ! "ಮಾವ, ತಪ್ಪು ತಿಳ್ಕೋಬೇಡಿ, ನಿಮಗೆ ಯಾರೋ ಚೆನ್ನಾಗಿ ಟೋಪಿ ಹಾಕಿದ್ದಾರೆ. ಅದರೊಳಗೆ ಆಯಸ್ಕಾಂತ ಇದೆಯೋ, ಹಳೇ ಅಂಗಿ ಗುಂಡಿ ಇದೆಯೋ! ಬೆಳ್ಳಗಿರೋದೆಲ್ಲ ಹಾಲಲ್ಲ ಮಾವ. ವಸ್ತು ಪರೀಕ್ಷೆ ಮಾಡೋಕೆ ಕಣ್ಣು ಬೇಕು."

ಮಾವ ಹೊಸದಾಗಿ ಜೈಲಿಗೆ ಬಂದವನನ್ನು ನೋಡುವ ಹಾಗೆ ಒಮ್ಮೆ ನೋಡಿದರು ಅಷ್ಟೆ.

ಆ ನೋಟ ಚುಚ್ಚಿತು. ತನ್ನ ಪರೀಕ್ಷೆಯ ಕಣ್ಣು ಎಂಥದೆಂದು ಮಾವನಿಗೆ ತೋರಿಸಿಯೇ ಬಿಡಬೇಕೆಂದು ಊಟವಾದ ಕೂಡಲೇ ಮೂರನೆಯ ನಾಣ್ಯವನ್ನು ಹೊರತೆಗೆದ. ತೂಕ ನೋಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಆದರೆ ತೂಕ ಮಾತ್ರ ಸರಿಯಿದ್ದರೆ ಸಾಲದು, ನೀರಿನ ಪರೀಕ್ಷೆಯೂ ಆಗಬೇಕು. ಚಿನ್ನ ಭಾರದ ಲೋಹ. ಅಷ್ಟೇ ತೂಕದ ಬೇರೆ ಲೋಹವಾದರೆ ಗಾತ್ರ ಹೆಚ್ಚು, ನೀರಿನಲ್ಲಿ ಮುಳುಗಿಸಿದರೆ ಗುಟ್ಟು ರಟ್ಟು. "ಸುಮ್ನೆ ಒಂದು ಆಯಸ್ಕಾಂತ ಹಿಡಿದು ನೋಡಿದ್ರೆ ಆಗಲ್ವಾ?" ಎಂದು ಹೆಂಡತಿ ಕೇಳಿದ್ದಕ್ಕೆ, "ಅದು ಮಕ್ಕಳಾಟ!" ಎಂದು ಬಾಯಿ ಮುಚ್ಚಿಸಿದ. ಕಾರ್ಖಾನೆಯಿಂದ ಕೇಳಿ ತಂದಿದ್ದ ಸೂಕ್ಷ್ಮ ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟ. ಆಚೆಗೊಂದು ಈಚೆಗೊಂದು ಡಬ್ಬ ನಿಲ್ಲಿಸಿ, ಮೇಲೆ ಸೌಟು ಅಡ್ಡ ಇಟ್ಟು, ಸೌಟಿಗೆ ಹೊಲಿಗೆ ದಾರ ಕಟ್ಟಿ, ದಾರದ ಕುಣಿಕೆಯಲ್ಲಿ ನಾಣ್ಯವನ್ನು ನೀರಿಗೆ ಇಳಿಬಿಟ್ಟ. ಇನ್ನೇನು ಬಗ್ಗಿ ಅಂಕಿ ಓದಬೇಕು, ಹೊರಗಿನಿಂದ ಹೆಂಡತಿ ಕೂಗಿದಳು.

"ರೀ, ನಿಮ್ಮ ಸ್ಕೂಟರ್ ತೆಗೀರಿ, ಪಕ್ಕದ ಮನೆಯವರ ಕಾರು ಹೊರಗೆ ಬರೋಕಾಗ್ತಿಲ್ವಂತೆ!"

ಸ್ಕೂಟರ್ ತಳ್ಳಿಟ್ಟು ಓಡಿ ಬಂದವನು ಅಡುಗೆಮನೆಯ ಬಾಗಿಲಲ್ಲೇ ಕಂಬವಾದ. ಸೌಟು ಪಕ್ಕದಲ್ಲಿ ಬಿದ್ದಿತ್ತು. ದಾರ ಇತ್ತು, ಕುಣಿಕೆ ಖಾಲಿ. ಲೋಟ ಇತ್ತು, ಅದೂ ಖಾಲಿ. ಮಾವ ಕೋಟಿನ ಕೊನೆಯ ಗುಂಡಿ ಹಾಕಿಕೊಳ್ಳುತ್ತ ನಿಂತಿದ್ದರು.

"ಮಾವ... ನೀರು ಕುಡಿದ್ರಾ?"

"ಮಾತ್ರೆ ತಗೊಂಡೆ. ಒಂದು ಮುಷ್ಟಿ ಮಾತ್ರೆ ಕೊಟ್ಟಿದ್ದಾನಪ್ಪ ಆ ಡಾಕ್ಟರು! ಒಂದಂತೂ ಗಂಟಲಲ್ಲಿ ಸಿಕ್ಕಿಹಾಕ್ಕೊಳ್ತು. ಇನ್ನೊಂದು ಗುಟುಕು ಕುಡಿದೆ, ಇಳೀತು."

ಇಳೀತು! ಟಂಕಸಾಲೆಯ ಎದೆಯೂ ಧಸಕ್ಕೆಂದು ಇಳಿಯಿತು. ಮೇಜಿನ ಕೆಳಗೆ ನುಸುಳಿ ನೋಡಿದ, ಡಬ್ಬ ಸರಿಸಿ ನೋಡಿದ, ಸಿಂಕಿನ ಕೊಳವೆಗೆ ಕಣ್ಣಿಟ್ಟು ನೋಡಿದ. ಎಲ್ಲಿಯೂ ಇಲ್ಲ. ಇನ್ನು ಉಳಿದದ್ದು ಒಂದೇ ಜಾಗ. ಆ ಜಾಗ ಗುಂಡಿ ಹಾಕಿದ ಕೋಟಿನೊಳಗೆ, "ಹೊರಡೋಣ್ವಾ?" ಎನ್ನುತ್ತ ಬಾಗಿಲ ಕಡೆಗೆ ನಡೆಯುತ್ತಿತ್ತು.

ಮೊದಲು ಅವನಿಗಾದದ್ದು ಚಿನ್ನದ ಚಿಂತೆ, ಸುಳ್ಳೇಕೆ ಹೇಳಬೇಕು. ಕಾರಿನಲ್ಲಿ ಕೂತ ಮೇಲೆ ಬೇರೊಂದು ವಿಷಯ ಹೊಳೆಯಿತು. ಎಂಆರ್‌ಐ ಎಂದರೇನು? ಕೋಣೆಯಷ್ಟು ದೊಡ್ಡ ಆಯಸ್ಕಾಂತ! ಹೊಟ್ಟೆಯಲ್ಲಿರುವುದು ಅಪ್ಪಟ ಚಿನ್ನವಾದರೆ ಆಯಸ್ಕಾಂತ ಅದರ ತಂಟೆಗೆ ಬರುವುದಿಲ್ಲ. ಅಕಸ್ಮಾತ್ ಒಳಗೆ ಕಬ್ಬಿಣವಿದ್ದು ಮೇಲೆ ಬರೀ ಲೇಪನವಾಗಿದ್ದರೆ? ಮಕ್ಕಳಾಟವೆಂದು ಬಿಟ್ಟ ಪರೀಕ್ಷೆಯನ್ನು ಈಗ ಮಾವನ ಕರುಳಿನೊಳಗೆ ಮಾಡಬೇಕಾಗಿ ಬಂದಿತ್ತು!

ಹೆಂಡತಿ ಕಾರು ನಡೆಸುತ್ತಿದ್ದಳು. ಹಿಂದಿನ ಸೀಟಿನಲ್ಲಿ ಮಾವನ ಪಕ್ಕ ಕೂತ ಟಂಕಸಾಲೆ ಕದ್ದುಮುಚ್ಚಿ ಆ ವ್ಯಾಪಾರಿಗೆ ಫೋನು ಹಚ್ಚಿದ. 'ಅಸಲಿ ತಾನೇ?' ಎಂದು ಒಂದು ಮಾತು ಕೇಳಿಬಿಟ್ಟರೆ ಸಾಕಿತ್ತು. "ನೀವು ಕರೆ ಮಾಡಿದ ಸಂಖ್ಯೆ ಅಸ್ತಿತ್ವದಲ್ಲಿಲ್ಲ," ಎಂದಿತು ಒಂದು ಮಧುರವಾದ ಹೆಣ್ಣು ದನಿ. ರಸ್ತೆಯ ಉಬ್ಬೊಂದರ ಮೇಲೆ ಕಾರು ಎಗರಿದಾಗ ಮಾವನ ಹೊಟ್ಟೆಯೊಳಗಿಂದ 'ಟಣ್' ಎಂದು ಕೇಳಿಸಿದಂತಾಯಿತು.

"ಇವತ್ತು ಬೇಡ, ನಾಳೆ ಹೋಗೋಣ ಮಾವ."

"ಯಾಕೆ?"

"ಇವತ್ತು... ಮಿಷನ್ನಿಗೆ ರಜಾ ಇರಬಹುದು."

ಮಾವ ನಿಧಾನವಾಗಿ ಅವನ ಕಡೆ ತಿರುಗಿದರು. "ಅಳಿಯಂದ್ರೇ, ಹೊರಟಾಗಿಂದ ನನ್ನ ಹೊಟ್ಟೆನೇ ನೋಡ್ತಿದ್ದೀರಿ. ಏನೋ ಮುಚ್ಚಿಡೋ ಮುಖ ಹೇಗಿರುತ್ತೆ ಅಂತ ನನಗೆ ಗೊತ್ತು."

"ಛೆ ಛೆ! ನಿಮ್ಮ ಕೋಟು ಚೆನ್ನಾಗಿದೆ ಅಂತ..."

ಬಿಸಿತುಪ್ಪ ನುಂಗಲೂ ಆಗದು, ಉಗುಳಲೂ ಆಗದು ಎನ್ನುತ್ತಾರಲ್ಲ, ಹಾಗಾಗಿತ್ತು ಅವನ ಅವಸ್ಥೆ. ನುಂಗಿದವರು ಮಾವ, ಗಂಟಲು ಕಟ್ಟಿದ್ದು ಇವನದು! ಬಾಯಿ ಬಿಟ್ಟರೆ, ನನ್ನ ನಾಣ್ಯ ನಕಲಿ ಇರಬಹುದು ಎಂದು ತಾನೇ ಒಪ್ಪಿಕೊಂಡಂತೆ. ಅಸಲಿ ಎಂದು ಎದೆ ತಟ್ಟಿ ಸುಮ್ಮನಿದ್ದರೆ ಪಣಕ್ಕಿಟ್ಟದ್ದು ಮಾವನ ಪ್ರಾಣ. ಆ ಕಲ್ಲುಮುಖದ ಮಾವ ಮೂರು ವರ್ಷದ ಹಿಂದೆ ತನಗೆ ಜ್ವರ ಬಂದಾಗ ಆಸ್ಪತ್ರೆಯ ಸ್ಟೂಲಿನ ಮೇಲೆ ಕೂತೇ ರಾತ್ರಿ ಕಳೆದಿದ್ದು ನೆನಪಾಗಿ ಅವನಿಗೆ ಅಳುವೇ ಬಂತು. ಅಸಲಿಯೇ ಇರುತ್ತದೆ, ಇದ್ದೇ ಇರುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಸ್ಕ್ಯಾನ್ ಕೇಂದ್ರದ ಮೆಟ್ಟಿಲು ಹತ್ತಿದ.

ಒಳಗೆ ಗೋಡೆಯ ಮೇಲೊಂದು ಚಿತ್ರಪಟ. ಕತ್ತರಿ, ಬೀಗದ ಕೈ, ಗಡಿಯಾರ, ನಾಣ್ಯ, ಎಲ್ಲದರ ಮೇಲೂ ಕೆಂಪು ಕಾಟು. ಮೂಲೆಯ ಬಾಗಿಲಿನ ಹಿಂದೆ ಯಂತ್ರ ಡಬಡಬ ಸದ್ದು ಮಾಡುತ್ತಿತ್ತು. ಸ್ಕ್ಯಾನ್ ಮಾಡುವಾಕೆ ಆಕಳಿಸುತ್ತ ಬಂದಳು.

"ತಾತ, ಮೈಮೇಲೆ ಲೋಹದ್ದು ಏನಾದ್ರೂ ಇದೆಯಾ?"

"ಬೆಲ್ಟಿದೆ, ಬಿಚ್ಚಿಡ್ತೀನಿ."

"ಮೈಯೊಳಗೆ? ಸ್ಕ್ರೂ, ತಂತಿ, ಏನಾದ್ರೂ?"

"ಇಲ್ಲಮ್ಮ."

"ಸರಿ, ಬಟ್ಟೆ ಬದಲಾಯಿಸ್ಕೊಂಡು ಬನ್ನಿ."

ಮಾವ ಒಂದು ಹೆಜ್ಜೆ ಇಟ್ಟರು. ಅಷ್ಟೇ, ಟಂಕಸಾಲೆಯ ಧೈರ್ಯದ ಕಟ್ಟೆ ಒಡೆಯಿತು.

"ಇದೆ! ಇದೆ! ಹೊಟ್ಟೆಯಲ್ಲಿದೆ! ಹೋಗ್ಬೇಡಿ ಮಾವ!" ಎಂದು ಕಿರುಚಿ, ಓಡಿಹೋಗಿ ಅವರ ಕೋಟಿನ ತೋಳಿಗೆ ಜೋತುಬಿದ್ದ. ಕಾದು ಕೂತಿದ್ದವರೆಲ್ಲ ಎದ್ದು ನಿಂತರು.

"ಏನಿದೆ?" ಎಂದಳು ಹೆಂಡತಿ.

"ನಾಣ್ಯ."

"ಯಾರ ಹೊಟ್ಟೇಲಿ?"

"ನಿಮ್ಮಪ್ಪನ..."

"ಯಾರು ಹಾಕಿದ್ದು?"

ಟಂಕಸಾಲೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದ. ಲೋಟ, ಸೌಟು, ದಾರ, ಮಾತ್ರೆ, ಸಿಗದ ಫೋನು. ಹೆಂಡತಿಯ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

"ಅಸಲಿ ತಾನೇ ಅದು?"

"ಅಂದ್ಕೊಂಡಿದ್ದೀನಿ..."

"ಅಂದ್ಕೊಂಡಿದ್ದೀರಾ! ನೀವು ಅಂದ್ಕೊಂಡಿದ್ದರ ಮೇಲೆ ನಮ್ಮಪ್ಪನ್ನ ಒಳಗೆ ಕಳಿಸೋಕೆ ಹೊರಟಿದ್ರಾ?"

ಮಾವ ಅವನ ಹಿಡಿತದಿಂದ ಕೋಟಿನ ತೋಳು ಬಿಡಿಸಿಕೊಂಡರು ಅಷ್ಟೆ. ಅವರು ಬೈದಿದ್ದರೆ ಎಷ್ಟೋ ಹಾಯಾಗಿರುತ್ತಿತ್ತು.

ಎಂಆರ್‌ಐ ನಿಂತಿತು, ಪಕ್ಕದ ಕೋಣೆಯಲ್ಲಿ ಎಕ್ಸ್‌ರೇ ಆಯಿತು. ಹೊರಗೆ ಬೆಂಚಿನ ಮೇಲೆ ಟಂಕಸಾಲೆ ಕಣ್ಣು ಮುಚ್ಚಿ ಕೂತ. ಚಿನ್ನ ಹೋದರೆ ಹೋಗಲಿ, ಮಾವನಿಗೆ ಏನೂ ಆಗದಿರಲಿ, ಬೇಕಾದರೆ ಉಳಿದೆರಡನ್ನೂ ಮಾರಿಬಿಡುತ್ತೇನೆ ಎಂದು ಮನಸ್ಸಿನಲ್ಲೇ ನೂರು ಸಲ ಹೇಳಿಕೊಂಡ. ಡಾಕ್ಟರು ಹೊರಬಂದು ಕನ್ನಡಕ ಸರಿಮಾಡಿಕೊಂಡರು.

"ಹೊಟ್ಟೆಯಲ್ಲಿ ನಾಣ್ಯ ಗೀಣ್ಯ ಏನೂ ಇಲ್ರೀ. ಬರೀ ಗ್ಯಾಸಿದೆ."

"ಮತ್ತೆ ನಾಣ್ಯ ಎಲ್ಲಿ?"

ಅಷ್ಟರಲ್ಲಿ ಬಟ್ಟೆ ಬದಲಾಯಿಸುವ ಕೋಣೆಯಿಂದ ಮಾವನ ಕೋಟನ್ನೂ ಬೆಲ್ಟನ್ನೂ ತೋಳಿನ ಮೇಲೆ ಹಾಕಿಕೊಂಡು ಹೆಂಡತಿ ಬಂದಳು. ಕರೀ ಬೆಲ್ಟಿನ ಮುಂಭಾಗದಲ್ಲಿ, ಬಟ್ಟಿಟ್ಟ ಹಾಗೆ, ಏನೋ ಹೊಳೆಯುತ್ತಿತ್ತು.

"ಚಿನ್ನಾ!" ಎಂದು ಟಂಕಸಾಲೆ ಎರಡೂ ಕೈ ಚಾಚಿ ಓಡಿದ.

ಹೆಂಡತಿ ಎರಡು ಹೆಜ್ಜೆ ಹಿಂದೆ ಸರಿದಳು. "ಈಗ ನೆನಪಾಯ್ತಾ ಚಿನ್ನ ರನ್ನ! ಹತ್ರ ಬರಬೇಡಿ!"

"ನಿನಗಲ್ಲ ಕಣೇ, ಇದಕ್ಕೆ!" ಎಂದುಬಿಟ್ಟ. ಅದಕ್ಕೆ ಸಲ್ಲಬೇಕಾದ ಶಿಕ್ಷೆ ಮನೆಗೆ ಹೋದ ಮೇಲೆ ಸಂದಿತು, ಆ ಮಾತು ಇಲ್ಲಿ ಬೇಡ.

ಆಸ್ಪತ್ರೆಯ ನಿಲುವಂಗಿಯಲ್ಲಿದ್ದ ಮಾವ ಬೆಲ್ಟನ್ನು ನೋಡಿ ತಲೆದೂಗಿದರು. "ಹೌದೌದು. ಸೌಟು ಎತ್ತಿ ಪಕ್ಕಕ್ಕಿಡುವಾಗ ದಾರದ ತುದಿಯಲ್ಲಿ ಏನೋ ಬಂದು ಹೊಟ್ಟೆಗೆ ತಾಗಿದ ಹಾಗಾಯ್ತು. ಕೋಟು ಹಾಕ್ಕೊಳ್ಳೋ ಅವಸರದಲ್ಲಿ ನೋಡಲಿಲ್ಲ."

ಟಂಕಸಾಲೆಗೆ ಹೋದ ಜೀವ ಬಂದಂತಾಗಿತ್ತು. ಮಾವನೂ ಉಳಿದರು, ನಾಣ್ಯವೂ ಉಳಿಯಿತು! ಜೇಬಿನಿಂದ ಕೈಗವಸು ತೆಗೆದು ಹಾಕಿಕೊಂಡು, ಎರಡು ಬೆರಳಿನಲ್ಲಿ ನಾಣ್ಯವನ್ನು ಮೆಲ್ಲಗೆ ಹಿಡಿದು ಎಳೆದ.

ಬರಲಿಲ್ಲ.

ಗಟ್ಟಿಯಾಗಿ ಎಳೆದ. ಬಂತು. ಕೈ ಸ್ವಲ್ಪ ಸಡಿಲವಾದದ್ದೇ ತಡ, 'ಟಪ್' ಎಂದು ತವರಿಗೆ ಓಡಿಹೋದಂತೆ ಮತ್ತೆ ಬೆಲ್ಟಿಗೆ ಅಂಟಿಕೊಂಡಿತು.

ಇದು ನಿಜಕ್ಕೂ ಹೊಟ್ಟೆಯೊಳಗಿದ್ದು, ತಾನು ಇನ್ನೊಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ ಟಂಕಸಾಲೆ ಅಲ್ಲೇ ಬೆಂಚಿನ ಮೇಲೆ ಕುಸಿದ.

ಮಾವ ನಿಧಾನವಾಗಿ ಬಂದು ಪಕ್ಕದಲ್ಲಿ ಕೂತರು. ಬೆಲ್ಟನ್ನು ತೊಡೆಯ ಮೇಲಿಟ್ಟುಕೊಂಡು, ನಾಣ್ಯವನ್ನು ಒಮ್ಮೆ ಕಿತ್ತು, ಒಮ್ಮೆ ಬಿಟ್ಟು, 'ಟಪ್' ಎಂಬ ಸದ್ದನ್ನು ಸಂತೋಷವಾಗಿ ಕೇಳಿದರು. ಆಮೇಲೆ ಅಳಿಯನ ಬೆನ್ನು ತಟ್ಟಿ, ಜೀವಮಾನದಲ್ಲೇ ಮೊದಲ ಸಲ ಮೆತ್ತಗಿನ ದನಿಯಲ್ಲಿ ಹೇಳಿದರು:

"ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ. ನಿಮ್ಮ ಪರೀಕ್ಷೆ ವ್ಯರ್ಥವಾಗಲಿಲ್ಲ. ನನ್ನ ಬೆಲ್ಟು ಅಸಲಿ!"