ಗಂಗಮ್ಮ ಕೊಟ್ಟ ಹೂವು, ನಾನು ಕೊಟ್ಟ ಹಲ್ಲು

ನಮ್ಮಮ್ಮ ತೀರಿಕೊಂಡಾಗ ನಾವು ಅತ್ತದ್ದಕ್ಕಿಂತ ಫೋಟೋ ಹುಡುಕಿದ್ದೇ ಹೆಚ್ಚು. ವೈಕುಂಠ ಸಮಾರಾಧನೆಯ ಹೊತ್ತಿಗೆ ಒಂದು ಒಳ್ಳೆಯ ಫೋಟೋಗೆ ಫ್ರೇಮು ಹಾಕಿಸಿ ಹಾರ ಹಾಕಬೇಕಿತ್ತು. ಮದುವೆ, ಗೃಹಪ್ರವೇಶ, ನಾಮಕರಣ ಎಂದು ಇದ್ದಬದ್ದ ಆಲ್ಬಮ್ಮುಗಳನ್ನೆಲ್ಲ ನೆಲದ ಮೇಲೆ ಹರವಿಕೊಂಡು ಕೂತೆವು. ಪ್ರತಿಯೊಂದರಲ್ಲೂ ಅಮ್ಮ ಇದ್ದಾಳೆ, ಅಮ್ಮನ ಬಾಯಿ ಮಾತ್ರ ಇಲ್ಲ. ಸೆರಗು ಅಡ್ಡ, ಇಲ್ಲವೇ ಕೈ ಅಡ್ಡ, ಇಲ್ಲವೇ ಮುಂದೆ ನಿಂತವರ ತಲೆ ಅಡ್ಡ. ಕೊನೆಗೆ ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿದೆವು. ಅದರಲ್ಲಿ ಅಮ್ಮ ತುಟಿ ಬಿಗಿದುಕೊಂಡು, ಹಾಲಿಗೆ ನೀರು ಬೆರೆಸಿದವರನ್ನು ನೋಡುವ ಹಾಗೆ ನಮ್ಮನ್ನೆಲ್ಲ ನೋಡುತ್ತಿದ್ದಳು. ಅಷ್ಟು ನಗುತ್ತಿದ್ದ ಹೆಂಗಸು ಗೋಡೆಯ ಮೇಲೆ ಕೋಪ ಮಾಡಿಕೊಂಡು ಕೂತಳು.

ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ಉಬ್ಬಲ್ಲು. ಅಮ್ಮನ ಆಸ್ತಿಯಲ್ಲಿ ಹೊಲ ಅಣ್ಣನಿಗೆ ಹೋಯಿತು, ಓಲೆ ಅತ್ತಿಗೆಗೆ ಹೋಯಿತು, ಹಲ್ಲು ನನಗೆ ಬಂತು. (ಇದರಲ್ಲಿ ಮಾತ್ರ ಯಾರೂ ಪಾಲು ಕೇಳಲಿಲ್ಲ.) ನನ್ನ ಮಗಳು ರಜನಿ ಅವರಪ್ಪನ ಹಲ್ಲು ಪಡೆದು ಪಾರಾದಳು. ಆದ್ದರಿಂದ ಈ ವಂಶದ ಕಟ್ಟಕಡೆಯ ಚಕ್ರವರ್ತಿನಿ ಗಂಗಾಲಕ್ಷ್ಮಿಯಾದ ನಾನೇ.

ನಮ್ಮ ಯಜಮಾನರು ಉಮಾಶಂಕರ್, ಯಲ್ದೂರಿನ ಹಾಲಿನ ಡೇರಿಯ ಸೆಕ್ರೆಟರಿ. ಹೆಣ್ಣು ನೋಡಲು ಬಂದ ದಿನ ನಾನು ಹಲ್ಲು ಕಾಣಬಾರದೆಂದು ಬಾಯೇ ಬಿಚ್ಚಿರಲಿಲ್ಲ. 'ಹುಡುಗಿ ಮಿತಭಾಷಿ' ಎಂದು ಹಿಗ್ಗಿ ಒಪ್ಪಿಕೊಂಡು ಹೋದರು. ಮದುವೆಯ ಮಾರನೆಯ ದಿನವೇ ಅವರಿಗೆ ಜ್ಞಾನೋದಯವಾಯಿತು. ಹಲ್ಲಿನ ವಿಷಯಕ್ಕೆ ಅವರು ಒಂದು ದಿನವೂ ಮಾತನಾಡಿದವರಲ್ಲ, ಅವರ ದೂರೆಲ್ಲ ನನ್ನ ನಾಲಿಗೆಯ ಮೇಲೆಯೇ.

ಅಮ್ಮ ಹೋದ ಮೇಲೆ ನನಗೆ ಬೆಳಗ್ಗೆ ಹಲ್ಲುಜ್ಜುವುದೇ ಕಷ್ಟವಾಯಿತು. ಕನ್ನಡಿಯ ಮುಂದೆ ಬ್ರಷ್ ಹಿಡಿದು ಬಾಯಿ ತೆರೆದರೆ ಅಲ್ಲಿ ಅಮ್ಮ ಇರುತ್ತಿದ್ದಳು. ನೊರೆಯ ಜೊತೆಗೆ ಕಣ್ಣೀರೂ ಸಿಂಕಿಗೆ ಹೋಗುತ್ತಿತ್ತು. ಅದರ ಮೇಲೆ ಗೋಡೆಯ ಆ ಬಿಗಿದ ತುಟಿ. ನಾಳೆ ನಾನೂ ಹೀಗೇ ಮುಖ ಗಂಟಿಕ್ಕಿಕೊಂಡು ನೇತಾಡಬೇಕಲ್ಲ ಎನಿಸಿತು. ಒಂದು ದಿನ ಬ್ರಷ್ ಹಿಡಿದುಕೊಂಡೇ ಹೊರಗೆ ಬಂದು ಘೋಷಿಸಿದೆ:

"ರೀ, ನಾನು ಹಲ್ಲಿಗೆ ಕ್ಲಿಪ್ಪು ಹಾಕಿಸ್ಕೊತೀನಿ."

"ಯಾರ ಹಲ್ಲಿಗೆ?"

"ನಂದೇ. ನಾನು ಹೋದ್ಮೇಲೆ ನನ್ ಫೋಟೋ ನಗ್ತಾ ಇರ್ಬೇಕು."

ಯಜಮಾನರು ಕಾಫಿ ಲೋಟ ಕೆಳಗಿಟ್ಟರು. "ನೀನು ಹೋದ್ಮೇಲೆ ನಗೋಕೆ ನಾನಿರ್ತೀನಿ ಬಿಡೇ," ಎಂದರು. ಆಮೇಲೆ ನನ್ನ ಮುಖ ನೋಡಿ, "ಆಯ್ತು, ಕೋಲಾರಕ್ಕೆ ಹೋಗಿ ಕೇಳ್ಕೊಂಡಾದ್ರೂ ಬರೋಣ," ಎಂದು ಎದ್ದರು.

ಕೋಲಾರದ ಹಲ್ಲಿನ ಡಾಕ್ಟರು ಮೇಘನ ಅಂತ, ನಮ್ಮ ರಜನಿಗಿಂತ ಸ್ವಲ್ಪ ದೊಡ್ಡವಳಿರಬೇಕು. ನನ್ನ ಬಾಯಿಯೊಳಗೆ ಕನ್ನಡಿ ಇಟ್ಟು ನೋಡಿ, ಎಕ್ಸ್‌ರೇ ತೆಗೆಸಿ, ಈ ವಯಸ್ಸಿನಲ್ಲೂ ಕ್ಲಿಪ್ಪು ಹಾಕಬಹುದು ಎಂದಳು. ನಾನು ಗೆದ್ದವಳಂತೆ ಯಜಮಾನರ ಕಡೆ ನೋಡುವಷ್ಟರಲ್ಲಿ ಮುಂದುವರಿಸಿದಳು:

"ಆದ್ರೆ ಆಂಟಿ, ಮುಂದಿನ ಹಲ್ಲು ಹಿಂದಕ್ಕೆ ಬರ್ಬೇಕಾದ್ರೆ ಜಾಗ ಬೇಕಲ್ವಾ? ನಾಲ್ಕು ಹಲ್ಲು ತೆಗೀಬೇಕು. ಕೋರೆಹಲ್ಲಿನ ಹಿಂದೆ ಒಂದೊಂದು. ಮೇಲೆ ಎರಡು, ಕೆಳಗೆ ಎರಡು."

"ಹುಳುಕಾಗಿದ್ಯಾ?"

"ಇಲ್ಲ, ತುಂಬಾ ಚೆನ್ನಾಗಿವೆ. ಯೋಚ್ನೆ ಮಾಡಿ ಹೇಳಿ. ತೆಗೆದ್ಮೇಲೆ ವಾಪಸ್ ಬರಲ್ಲ."

ಇದೆಂಥ ನ್ಯಾಯ! ಜೀವಮಾನವೆಲ್ಲ ನನ್ನ ಮಾನ ಕಳೆದದ್ದು ಮುಂದಿನ ಹಲ್ಲುಗಳು, ಗಲ್ಲಿಗೇರಬೇಕಾದದ್ದು ಹಿಂದೆ ತೆಪ್ಪಗಿದ್ದ ಪಾಪದವು. ವಾಪಸ್ಸು ಬರುವ ಬಸ್ಸಿನಲ್ಲಿ ಶ್ರೀನಿವಾಸಪುರದವರೆಗೂ ನಮಗೆ ಜಗಳ.

"ಹಾಲಿನ ಡಿಗ್ರಿ ಚೆನ್ನಾಗಿದೆ, ಫ್ಯಾಟ್ ಚೆನ್ನಾಗಿದೆ, ಅಂಥಾದ್ದನ್ನ ಯಾರಾದ್ರೂ ಮೋರಿಗೆ ಚೆಲ್ತಾರೇನೇ?"

"ಎಲ್ಲಾದಕ್ಕೂ ಹಾಲು ತರ್ಬೇಡಿ. ನಿಮ್ಗೇನು ಗೊತ್ತು ನನ್ ಕಷ್ಟ?"

"ನಿಮ್ಮಮ್ಮನ ಗುರುತು ಅಂತ ಇರೋದು ಅದೊಂದೇ ಕಣೇ. ಅದನ್ನೂ ಒಳಗೆ ತಳ್ಳಿಸ್ಕೊಂಡ್ರೆ ಆಮೇಲೆ ಅವ್ರನ್ನ ಎಲ್ಲಿ ನೋಡ್ತೀಯ?"

"ನೋಡೋಕೆ ಆಗ್ದೆ ತಾನೇ ಹಾಕಿಸ್ಕೊತಿರೋದು!" ಎಂದು ಕಿರುಚಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ಕಿಟಕಿಯ ಕಡೆ ತಿರುಗಿ ಅತ್ತೆ.

ದಿನಗಟ್ಟಲೆ ಇದೇ ಆಯಿತು. ಬೆಳಗ್ಗೆ ಕೀಳಿಸುವುದು ಎಂದು ನಿರ್ಧಾರ, ಮಧ್ಯಾಹ್ನ ಬೇಡ, ಸಂಜೆ ಕಾಫಿಯ ಹೊತ್ತಿಗೆ ಮತ್ತೆ ಕೀಳಿಸುವುದು. ಕೊನೆಗೆ ಈ ಮೊಕದ್ದಮೆಯನ್ನು ಮೇಲಿನ ಕೋರ್ಟಿಗೆ ಒಯ್ಯುವುದೆಂದು ಇಬ್ಬರೂ ಒಪ್ಪಿದೆವು. ಗೌನಿಪಲ್ಲಿಯಲ್ಲಿ, ನನ್ನ ತವರಿನಲ್ಲಿ, ಗಂಗಮ್ಮನ ಹತ್ತಿರ ಹೂ ಕೇಳುವುದು.

ಹೂ ಕೇಳುವುದೆಂದರೆ, ಅಮ್ಮನವರ ಎರಡು ಭುಜದ ಮೇಲೂ ಒದ್ದೆ ಹೂ ಅಂಟಿಸಿ, ಕೇಳುವುದನ್ನು ಮನಸ್ಸಿನಲ್ಲೇ ಕೇಳಿಕೊಂಡು ಕೈಮುಗಿದು ಕಾಯುವುದು. ಬಲಗಡೆಯದು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಊಹೂಂ. ನಮ್ಮ ಕಡೆ ಹೆಣ್ಣು ಕೊಡುವುದಕ್ಕೂ ಇದೇ, ಬೋರ್‌ವೆಲ್ ಕೊರೆಸುವುದಕ್ಕೂ ಇದೇ. ಹಲ್ಲಿಗೆ ಕ್ಲಿಪ್ಪು ಹಾಕಿಸುವ ವಿಷಯ ಗಂಗಮ್ಮನ ಮುಂದೆ ಬಂದದ್ದು ಬಹುಶಃ ಅದೇ ಮೊದಲು.

ನಮ್ಮ ಚಿಕ್ಕಮ್ಮ ಮುನಿಶಾಮಮ್ಮನೂ ಜೊತೆಗೆ ಬಂದಳು. ಅಮ್ಮನ ತಂಗಿ, ಅಮ್ಮನ ಪಕ್ಕದ ಮನೆಯಲ್ಲೇ ಬದುಕಿದವಳು. ವಿಷಯ ಕೇಳಿ, "ಹಲ್ಲು ಕೀಳಿಸ್ತೀಯೇನೇ ತಲ್ಲೀ?" ಎಂದು ತನ್ನ ತೆಲುಗು ಬೆರೆತ ಮಾತಿನಲ್ಲಿ ಕೇಳಿದಳು, ಅಷ್ಟೆ. ಮಾತಿಗೆ ಕೂತರೆ ಏಳದ ಚಿಕ್ಕಮ್ಮ ಗುಡಿಯವರೆಗೂ ತುಟಿ ಪಿಟಕ್ಕೆನ್ನಲಿಲ್ಲ.

ಪೂಜಾರಪ್ಪ ಹೂ ಅಂಟಿಸಿ ಫ್ಯಾನು ಆರಿಸಿದ. (ಇಲ್ಲದಿದ್ದರೆ ಹೂ ಕೊಟ್ಟದ್ದು ಗಂಗಮ್ಮನೋ ಕರೆಂಟೋ ಎಂಬ ಅನುಮಾನ ಉಳಿಯುತ್ತದೆ.) ಮೂವರೂ ಕಣ್ಣುಮುಚ್ಚಿ ನಿಂತೆವು. ಬೆವರು ಇಳಿಯಿತು, ಮಂಡಿ ನೋಯಿತು. ಪಟ್ ಎಂದು ಬಲಗಡೆಯ ಹೂ ಬಿತ್ತು.

"ಕೊಟ್ಟಳು!" ಎಂದೆ ನಾನು.

"ಕೊಟ್ಟಳು!" ಎಂದರು ಯಜಮಾನರು.

"ಅಮ್ಮಾ ತಲ್ಲೀ," ಎಂದು ಚಿಕ್ಕಮ್ಮ ಕಣ್ಣೊರೆಸಿಕೊಂಡಳು.

ನನಗೆ ಅನುಮಾನ ಬಂತು. "ರೀ, ನೀವ್ಯಾಕೆ ಕುಣೀತಿದ್ದೀರ? ನೀವೇನು ಕೇಳ್ಕೊಂಡ್ರಿ?"

"ಕೀಳಿಸ್ಬಾರ್ದು ಅನ್ನೋದಾದ್ರೆ ಬಲಗಡೆ ಕೊಡಮ್ಮಾ ಅಂತ."

"ಅಯ್ಯೋ ನಿಮ್ಮ! ನಾನು ಕೀಳಿಸ್ಬೋದು ಅನ್ನೋದಾದ್ರೆ ಬಲಗಡೆ ಕೊಡು ಅಂದಿದ್ದೆ!"

ಪೂಜಾರಪ್ಪ ಹಣೆ ಚಚ್ಚಿಕೊಂಡ. "ಮನೇಲೇ ಮಾತಾಡ್ಕೊಂಡು ಬರ್ಬಾರ್ದೇನಮ್ಮಾ? ಇವತ್ತಿಗೆ ಇನ್ನೊಂದು ಸಲ ಕೇಳೋ ಹಂಗಿಲ್ಲ."

ಗಂಗಮ್ಮನ ಎದುರಿನಲ್ಲೇ ವಾದ ಶುರುವಾಯಿತು. ಹೂ ಯಾರಿಗೆ ಕೊಟ್ಟದ್ದು? ಹಲ್ಲಿರುವುದು ನನ್ನ ಬಾಯಲ್ಲಿ, ಆದ್ದರಿಂದ ಹೂವೂ ನನ್ನದೇ ಎಂದು ನಾನು ಸಾಧಿಸಿದೆ. ತೆಂಗಿನಕಾಯಿ ತಂದದ್ದು ತಾವು ಎಂದು ಅವರು ಗೊಣಗಿದರೂ, ಮನೆಯಲ್ಲಿ ಯಾವತ್ತೂ ಆಗುವುದೇ ಅಲ್ಲೂ ಆಯಿತು. ನಾನು ಗೆದ್ದೆ. ಚಿಕ್ಕಮ್ಮ ಏನೋ ಹೇಳಲು ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು.

ನಾಲ್ಕನ್ನೂ ಒಟ್ಟಿಗೆ ತೆಗೆಯುವುದಿಲ್ಲ, ಒಂದು ಸಲಕ್ಕೆ ಒಂದು ಕಡೆ ಎಂದಳು ಮೇಘನ. "ಬಲಗಡೆಯಿಂದ ಶುರು ಮಾಡಿ, ಗಂಗಮ್ಮ ಆ ಕಡೆಯೇ ಕೊಟ್ಟಿದ್ದು," ಎಂದೆ. ಅವಳಿಗೆ ಅರ್ಥವಾಗದಿದ್ದರೂ ತಲೆಯಾಡಿಸಿ ಸೂಜಿ ಚುಚ್ಚಿದಳು. ನೋವಾಗಲಿಲ್ಲ, ಸದ್ದಾಯಿತು. ತಟ್ಟೆಯಲ್ಲಿ ಬಿದ್ದ ಎರಡು ಹಲ್ಲುಗಳನ್ನು ನೋಡಿದೆ. ಬೇರಿನ ಸಮೇತ ಬೆಳ್ಳಗೆ, ಗಟ್ಟಿಯಾಗಿ, ಒಂದು ಕಪ್ಪು ಚುಕ್ಕೆಯಿಲ್ಲದೆ ಇದ್ದವು. ಅವಕ್ಕೆ ಏನೆಂದು ಸಮಾಧಾನ ಹೇಳುವುದು? ಬಾಯಲ್ಲಿ ಹತ್ತಿ ಇದ್ದದ್ದರಿಂದ ಸುಮ್ಮನಾದೆ.

ಮಾರನೆಯ ದಿನ ಕೆನ್ನೆ ಬೋಂಡದಂತೆ ಊದಿಕೊಂಡು ಐಸ್ ಒತ್ತಿಕೊಂಡು ಕೂತಿದ್ದಾಗ ಚಿಕ್ಕಮ್ಮ ಒಂದು ಚೀಲ ಮಾವಿನಹಣ್ಣು ಹೊತ್ತುಕೊಂಡು ಬಂದಳು. ನನ್ನ ಕೆನ್ನೆ ನೋಡಿ ಚೀಲ ಅಲ್ಲೇ ಬಿಟ್ಟಳು.

"ಕೀಳಿಸ್ಕೊಂಡೇ ಬಿಟ್ಟೇನೇ ತಲ್ಲೀ! ತಪ್ಪು ನಂದೇ ಕಣೇ. ಅವತ್ತು ಗುಡಿಯಾಗೆ ನಾನೂ ಒಂದು ಕೇಳ್ಕೊಂಡಿದ್ದೆ."

"ನೀವೂನಾ?" ಎಂದರು ಯಜಮಾನರು. ಒಂದು ಹೂವಿಗೆ ಮೂರನೆಯ ಹಕ್ಕುದಾರಳು!

"ಅಕ್ಕ ಯಾರಿಗೂ ಹೇಳ್ಬೇಡ ಅಂದಿದ್ಲು. ಹೇಳ್ಬೋದು ಅನ್ನೋದಾದ್ರೆ ಬಲಗಡೆ ಕೊಡು ತಾಯೀ ಅಂತ ಕೇಳ್ದೆ. ಕೊಟ್ಟಳು. ನಂಗೇ ಬಾಯಿ ಬರ್ಲಿಲ್ಲ." ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡಳು. "ನಿಮ್ಮಮ್ಮನ ಬಾಯಾಗೆ ಸ್ವಂತ ಹಲ್ಲು ಒಂದೂ ಇರ್ಲಿಲ್ಲ ಕಣೇ. ಎಲ್ಲಾ ಸೆಟ್ಟು. ನಿನ್ ಮದ್ವೆ ಆದ್ಮೇಲೆ ಮದನಪಲ್ಲಿಯಾಗೆ ಕಟ್ಟಿಸಿದ್ದು, ನಾನೇ ಕರ್ಕೊಂಡು ಹೋಗಿದ್ದೆ."

"ಸುಳ್ಳು ಹೇಳ್ಬೇಡ ಚಿಕ್ಕಮ್ಮ. ಕೊನೇವರ್ಗೂ ಅದೇ ಉಬ್ಬಲ್ಲೇ ಇದ್ವಲ್ಲ."

"ಅದೇ ಹೇಳ್ತಿರೋದು. ಡಾಕ್ಟ್ರು ಮೊದ್ಲು ನೆಟ್ಟಗಿರೋವೇ ಜೋಡಿಸಿ ಹಾಕಿ ನೋಡಿದ್ರು. ಎಷ್ಟು ಚೆಂದ ಕಾಣ್ತಿದ್ಲು ಗೊತ್ತಾ? ಕನ್ನಡಿ ಬಿಡ್ಲೇ ಇಲ್ಲ. ಆಮೇಲೆ ಬಾಯಿಂದ ತೆಗೆದು ಅವರ ಕೈಗೇ ಕೊಟ್ಟಳು. 'ಇವು ಬೇಡ ನಾಯನಾ, ಮುಂಚೆ ಎಂಗಿದ್ವೋ ಅಂಗೇ ಮುಂದಕ್ಕೆ ಮಾಡ್ಕೊಡು' ಅಂದ್ಲು. ಯಾಕಮ್ಮಾ ಅಂತ ಅವರು ನಕ್ಕರು. 'ನಂಗೊಬ್ಬಳು ಮಗಳವಳೆ, ಅವಳಿಗೂ ಇಂಗೇ. ನಾನು ಚೆಂದ ಆಗೋದ್ರೆ ಅವಳು ಒಬ್ಬಳೇ ಆಗೋಗ್ತಾಳೆ' ಅಂದ್ಲು."

ಸ್ವಂತ ಮಗಳಾದ ನನಗೆ ಇದು ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಮುದ್ದೆಯನ್ನು ಯಾರೂ ಅಗಿಯದೆ ನುಂಗುವ ಸೀಮೆಯಲ್ಲಿ ಎದುರು ಕೂತವರ ಹಲ್ಲು ಅಸಲಿಯೋ ನಕಲಿಯೋ ಎಂದು ತಿಳಿಯುವುದು ಹೇಗೆ? ಅಮ್ಮ ನನ್ನ ಮುಂದೆ ಮುದ್ದೆ ಬಿಟ್ಟು ಬೇರೆ ಏನೂ ತಿನ್ನುತ್ತಿರಲಿಲ್ಲ. ಚಪಾತಿ ಮಾಡಿದರೆ 'ಆಮೇಲೆ ತಿಂತೀನಿ' ಎನ್ನುತ್ತಿದ್ದಳು. ವಯಸ್ಸಾಯಿತು, ಹಸಿವು ಕಡಿಮೆ ಎಂದುಕೊಂಡಿದ್ದೆ.

ನಾನು ಜೋರಾಗಿ ಅತ್ತೆ. ಅಮ್ಮ ಹೋದ ದಿನವೂ ಹಾಗೆ ಅತ್ತಿರಲಿಲ್ಲ. ಹೊಲಿಗೆ ಬಿಚ್ಚಿಕೊಳ್ಳುತ್ತದೆ, ಬಾಯಿ ಮುಚ್ಚು ಎಂದು ಯಜಮಾನರು ಗೋಗರೆದರು.

"ಊರ್ಕೋ ತಲ್ಲೀ, ಅಳ್ಬೇಡ," ಎಂದು ಚಿಕ್ಕಮ್ಮ ತಲೆ ಸವರಿದಳು. "ಇನ್ನೊಂದು ಕೇಳು. ಅಷ್ಟು ಹೇಳಿ ಉಬ್ಬಲ್ಲು ಮಾಡಿಸ್ಕೊಂಡ್ಲಲ್ಲ, ಆಚೆ ಬಂದು ಬಸ್ ಸ್ಟ್ಯಾಂಡಾಗೆ ಯಾರೋ ಮಾತಾಡಿಸಿದ್ರೆ ಸೆರಗು ತಗೊಂಡು ಮುಚ್ಕೊಂಡ್ಲು!"

ಅಳುತ್ತಿದ್ದವಳಿಗೆ ನಗು ಬಂತು. ತಡೆಯಲಾಗದ ನಗು. ಒಂದು ಕೈಯಲ್ಲಿ ಐಸ್, ಇನ್ನೊಂದು ಕೈ ಚಿಕ್ಕಮ್ಮನ ಕೈಯಲ್ಲಿ. ಸೆರಗು ಎತ್ತಲು ಕೈಯೇ ಇರಲಿಲ್ಲ. ಎದುರಿಗಿದ್ದ ಯಜಮಾನರು ಮೊಬೈಲು ಎತ್ತಿ ಫೋಟೋ ಹೊಡೆದರು. ಒಂದು ಕೆನ್ನೆ ಊದಿಕೊಂಡು, ಮೂಗು ಸೋರುತ್ತ, ಇದ್ದ ಹಲ್ಲೆಲ್ಲ ಹೊರಗೆ ಹಾಕಿ ನಾನು ನಗುತ್ತಿದ್ದೆ. ನೋಡಿದರೆ ಥೇಟ್ ಅಮ್ಮ.

ಮುಂದಿನ ವಾರ ಆ ಫೋಟೋ ತೆಗೆದುಕೊಂಡು ಕೋಲಾರಕ್ಕೆ ಹೋದೆ. ಎಡಗಡೆಯದು ಉಳಿಸಬಹುದೇ ಎಂದು ಮೊದಲು ಕೇಳಿದೆ. ಹಾಗೆ ಬಿಟ್ಟರೆ ಸಾಲು ಒಂದೇ ಕಡೆಗೆ ಎಳೆದು ಸೊಟ್ಟ ಆಗುತ್ತೆ ಆಂಟಿ ಎಂದಳು ಮೇಘನ. ತೆಗೆದ ಎರಡನ್ನು ವಾಪಸ್ಸು ನೆಡಬಹುದೇ ಎಂದು ಕೇಳಿದೆ. ವಾಪಸ್ ಬರಲ್ಲ ಅಂತ ಅವತ್ತೇ ಹೇಳಿದ್ನಲ್ಲ ಎಂದಳು. ಆಗ ಮೊಬೈಲು ತೋರಿಸಿದೆ.

"ಡಾಕ್ಟ್ರಮ್ಮ, ಎಲ್ಲಾ ಮುಗಿದ್ಮೇಲೆ ನನ್ ಹಲ್ಲು ಈ ಥರ ಬರೋ ಹಂಗೆ ಮಾಡ್ಕೊಡಿ."

ಮೇಘನ ಫೋಟೋವನ್ನು ದೊಡ್ಡದು ಮಾಡಿ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಫೋಟೋ ನೋಡಿದಳು. "ಆಂಟಿ, ಇದು ನಿಮ್ದೇ, ಈಗಿರೋ ಹಲ್ಲೇ ಅಲ್ವಾ?"

"ಹೂಂ."

"ಇದೇ ಬೇಕು ಅನ್ನೋದಾದ್ರೆ ಆ ಎರಡು ಹಲ್ಲು ಯಾಕೆ ತೆಗೆಸಿದ್ರಿ?"

ಪಕ್ಕದಲ್ಲಿ ಯಜಮಾನರು ಕೆಮ್ಮಿದರು. ಜೀವಮಾನದಲ್ಲಿ ಮೊದಲ ಸಲ ಅವರು ಗೆದ್ದಿದ್ದರು. ಆದರೂ ಬೀಗದೆ ನನ್ನ ಕಡೆಗೇ ನೋಡುತ್ತಿದ್ದರು.

"ಪೂರ್ತಿ ಒಳಗೆ ತಳ್ಬೇಡಿ," ಎಂದೆ. "ಸ್ವಲ್ಪ ಮುಂದಕ್ಕೇ ನಿಲ್ಲಿಸಿ."

"ನಿಲ್ಲಿಸ್ಬೋದು. ಆದ್ರೆ ಸ್ವಲ್ಪ ಅಂದ್ರೆ ಎಷ್ಟು ಅಂತ ಹೇಳ್ಬೇಕಲ್ಲಾ ಆಂಟಿ?"

ಹಾಲಿನ ಫ್ಯಾಟನ್ನು ಪಾಯಿಂಟಿನ ಲೆಕ್ಕದಲ್ಲಿ ಅಳೆಯುವ ನಮ್ಮ ಯಜಮಾನರೇ ಉತ್ತರ ಹೇಳಿದರು:

"ಅವರಮ್ಮ ನೋಡಿದ್ರೆ ಗುರುತು ಹಿಡೀಬೇಕಮ್ಮಾ, ಅಷ್ಟು."

ನಾನು ಕುರ್ಚಿಗೆ ಒರಗಿ ಎಡಗಡೆಯ ಎರಡನ್ನೂ ಕೀಳಿಸಲು ಬಾಯಿ ತೆರೆದೆ. ಕಣ್ಣಿಂದ ನೀರು ಕಿವಿಗೆ ಇಳಿಯಿತು.

"ಅಳ್ಬೇಡಿ ಆಂಟಿ," ಎಂದಳು ಮೇಘನ, "ಇನ್ನೂ ಸೂಜಿಯೇ ಚುಚ್ಚಿಲ್ಲ."